ಮಾಳಿಗೆ ಮೇಲಿನ ಆಮ್ಲೆಟ್

ತತ್ತಿ ಮುಟ್ಟದ ಮನೆಯಲ್ಲಿ ಹುಟ್ಟಿದವನ ನಾಲಿಗೆ ಆಮ್ಲೆಟ್ಟಿನ ಕಡೆ ವಾಲಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಮಿರಜ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಬಣ್ಣ ಹೋಗುತ್ತದೇನೋ ಎಂದು ಗಿರಾಕಿಗಳು ದಿನವೆಲ್ಲ ನನ್ನನ್ನು ಸಂಶಯದಿಂದ ನೋಡುತ್ತಾರೆ. ಮನೆಗೆ ಬಂದರೆ ಅವ್ವ ನೋಡುತ್ತಾಳೆ. ಮನೆಯೊಳಗೆ ತತ್ತಿ ಬಂದ ದಿನ ತಾನು ಬೇಡಗ ಊರಿನ ತವರಿಗೆ ಹೊರಟೆನೆಂದೇ ತಿಳಿಯಬೇಕು ಎಂದು ಅವಳು ಹೇಳಿಬಿಟ್ಟಿದ್ದಾಳೆ. ಹೇಳಿದ್ದನ್ನು ಮಾಡುವ ಹೆಂಗಸು.

೧. ಒಳಗೇನಿದೆ?

ಮೊದಲು ಸಾಂಗ್ಲಿಯಲ್ಲಿ ಒಂದು ಗಾಡಿಯ ಮುಂದೆ ನಿಂತು ತಿನ್ನುತ್ತಿದ್ದೆ. ಹೊಟ್ಟೆ ತುಂಬ ಏನೇನೋ ತುಂಬಿಸಿಕೊಂಡ ಉಬ್ಬಿದ ಆಮ್ಲೆಟ್. ಒಂದು ದಿನ ಹಲ್ಲಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು.

“ಒಳಗ ಏನೇನ್ ಹಾಕಿ?” ಎಂದೆ.

ಗಾಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೊದಲ ತಿನ್ರಿ ಸಾಹೇಬ್ರ. ಈಗ ಕೇಳಿದ್ರ ನಿಮಗ ಗಂಟಲದಾಗ ಇಳಿಯೂದಿಲ್ಲ,” ಎಂದ.

ಅಂದಿನಿಂದ ಮನೆಯಲ್ಲೇ ಮಾಡಿಕೊಳ್ಳುವುದೆಂದು ಶಪಥ ಮಾಡಿದೆ.

೨. ಸಾಬಾಣ

ನಮ್ಮ ಓಣಿಯಲ್ಲಿ ತತ್ತಿ ಕೊಂಡರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಪೇಟೆ ದಾಟಿ ಗುರುತಿಲ್ಲದ ಅಂಗಡಿಗೆ ಹೋದೆ. ಅಲ್ಲಿ ನಮ್ಮವರೇ ಒಬ್ಬ ಹಿರಿಯ ವ್ಯಾಪಾರಿ, ಹಣೆ ತುಂಬ ವಿಭೂತಿ, ಕೈಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡದ್ದೇ ಚೀಲವನ್ನು ಬೆನ್ನ ಹಿಂದೆ ಸರಿಸಿದರು.

“ಏನ್ರಿ, ಈ ಕಡೆ?” ಎಂದೆ.

“ಮೈಗೆ ಹಚ್ಚೂ ಸಾಬಾಣ ಒಯ್ಯಾಕ ಬಂದೇನಿ. ನೀ?”

“ನಾನೂ ಸಾಬಾಣಕ್ಕನ ಬಂದೇನ್ರಿ.”

ಅಂಗಡಿಯವನು ಪೊಟ್ಟಣ ಕಟ್ಟುತ್ತಲೇ ನನ್ನನ್ನು ಕೇಳಿದ: “ಇವರಿಗೆ ಕಾಯಂ ಒಂದ ಡಜನ್. ನಿಮಗ ಎಷ್ಟ ಕಟ್ಟಲಿ?”

೩. ಊದಿನಕಡ್ಡಿ

ಹೆಂಡತಿ ಮೊದಲೇ ಹೇಳಿದ್ದಳು: “ತವಾ ಬ್ಯಾರೆ, ಗ್ಯಾಸ ಬ್ಯಾರೆ, ಮಾಳಿಗಿ ನಿಮ್ದು. ನನಗ ಏನೂ ಗೊತ್ತಿಲ್ಲ.” ಸರಿ, ಮಾಳಿಗೆಯ ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಮೊದಲ ದಿನ ಆಮ್ಲೆಟ್ಟಿನೊಳಗೆ ಹಸಿ ಟೊಮ್ಯಾಟೊ ತುಂಬಿದೆ. ಅದು ನೀರು ಬಿಟ್ಟು, ಮಡಿಸುವಾಗ ಆಮ್ಲೆಟ್ ಹರಿದು ಪಲ್ಯವಾಯಿತು. ಆಮೇಲೆ ಬುದ್ಧಿ ಬಂತು. ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಮೊದಲೇ ನೀರಾರುವ ತನಕ ಹುರಿದುಕೊಳ್ಳಬೇಕು, ಉರಿ ಸಣ್ಣದಿರಬೇಕು, ಅರ್ಧ ಭಾಗಕ್ಕಷ್ಟೇ ತುಂಬಿ ಮೇಲೆ ಚೀಜ್ ಉದುರಿಸಿ ಮಡಿಸಬೇಕು. ವಾಸನೆ ಮುಚ್ಚಲು ಸುತ್ತಲೂ ಊದಿನಕಡ್ಡಿ ಹಚ್ಚುತ್ತಿದ್ದೆ.

“ಮ್ಯಾಲ ಯಾಕೋ ಊದಿನಕಡ್ಡಿ?” ಎಂದು ಅವ್ವ ಕೇಳಿದಳು.

“ಸೊಳ್ಳಿ ಬಾಳ ಆಗ್ಯಾವ ಬೇ.”

ಮರುದಿನ ಪೂಜೆಗೆ ಕುಳಿತವಳು ಖಾಲಿ ಪೊಟ್ಟಣ ಎತ್ತಿ ತೋರಿಸಿದಳು: “ದೇವರಿಗೆ ಒಂದ ಕಡ್ಡಿ ಉಳಿದಿಲ್ಲ. ನಿನ್ನ ಸೊಳ್ಳಿ ಎಲ್ಲಾ ಸೀದಾ ಕೈಲಾಸಕ್ಕ ಹೋಗಿರಬೇಕು.”

೪. ತಪಾಸಣೆ

ಅವ್ವನ ಸಂಶಯ ಬೇರೆಯೇ ದಾರಿ ಹಿಡಿದಿತ್ತು. ಮಗ ಸಂಜೆಯಾದರೆ ಹೆಚ್ಚಿದ ಉಳ್ಳಾಗಡ್ಡಿ, ಉಪ್ಪು, ಮೆಣಸಿನಕಾಯಿ ಹಿಡಿದು ಮೇಲೆ ಹೋಗುತ್ತಾನೆ, ಅಗಳಿ ಹಾಕುತ್ತಾನೆ, ಬಾಯಿ ಮುಕ್ಕಳಿಸಿ ಯಾಲಕ್ಕಿ ಜಗಿಯುತ್ತ ಇಳಿಯುತ್ತಾನೆ. ಕುಡಿತವಲ್ಲದೆ ಮತ್ತೇನು? ಅಳುತ್ತ ಹತ್ತಿರದ ಮ್ಹೈಸಾಳ ಊರಿಗೆ ಫೋನ್ ಮಾಡಿ ಅಪ್ಪನ ತಮ್ಮ, ನಮ್ಮ ಕಾಕಾನನ್ನು ಕರೆಸಿದಳು. ಕೊರಳಲ್ಲಿ ಲಿಂಗ, ಹೊರಗಿನ ನೀರೂ ಕುಡಿಯದ ಮನುಷ್ಯ. ಇಡೀ ಮನೆತನ ಅವರಿಗೆ ಹೆದರುತ್ತದೆ.

ಆ ಸಂಜೆ ಎಂದೂ ಆಗದಷ್ಟು ಚೆಂದದ ಆಮ್ಲೆಟ್ ತವೆಯ ಮೇಲಿತ್ತು. ಬಾಗಿಲು ಬಡಿದ ಸದ್ದು. ತೆರೆದರೆ ಕಾಕಾ.

“ಊದು,” ಎಂದರು. ಊದಿದೆ. ನೀರಿನ ಟಾಕಿಯ ಹಿಂದೆ, ಬಕೀಟಿನ ಕೆಳಗೆ ಬಾಟಲಿ ಹುಡುಕಿದರು. ಕೊನೆಗೆ ತವೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

“ಇದೇನಿದು?”

“ತತ್ತಿ, ಕಾಕಾ. ನಿಮ್ಮ ಕಾಲ ಬೀಳ್ತೀನಿ, ಅವ್ವಗ ಹೇಳಬ್ಯಾಡ್ರಿ. ಮನಿ ಬಿಟ್ಟ ಹೋಗ್ತಾಳ.”

“ಮಡಿಚಿದ್ದರೊಳಗ ಏನ್ ಮುಚ್ಚಿಟ್ಟಿ?”

“ಉಳ್ಳಾಗಡ್ಡಿ, ಟೊಮ್ಯಾಟೊ, ಚೀಜ್. ದೇವರಾಣಿ, ಮತ್ತೇನೂ ಇಲ್ರಿ.”

“ನಂಬಿಕಿ ಬರವಲ್ದು,” ಎಂದು ಒಂದು ತುದಿ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಜಗಿದರು. “ಈ ಕಡೆ ಸುದ್ದ ಐತಿ. ಆ ಕಡೆ ನೋಡಬೇಕು.” ಆ ಕಡೆಯನ್ನೂ ನೋಡಿದರು. ನಡುವೆ ಏನಾದರೂ ಇರಬಹುದೆಂದು ನಡುವಿನದನ್ನೂ ಬಿಡಲಿಲ್ಲ. ತವೆ ಖಾಲಿಯಾಯಿತು. ನಾನು ಹಸಿದು ನಿಂತೇ ಇದ್ದೆ. ಬಾಯಿ ಮುಕ್ಕಳಿಸಿ ನನ್ನ ಮುಂದೆ ಕೈ ಚಾಚಿದರು. ಯಾಲಕ್ಕಿ ಕೊಟ್ಟೆ.

ಅವ್ವ ಕೆಳಗಿನ ಮೆಟ್ಟಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. “ಏನ್ ಸಿಕ್ಕಿತು?”

ಕಾಕಾ ಗಂಭೀರವಾಗಿ ಮೀಸೆ ಒರೆಸಿಕೊಂಡರು.

“ಇವತ್ತ ಏನೂ ಸಿಗಲಿಲ್ಲ ವೈನಿ. ಆದ್ರ ನನಗ ಸಂಶಯ ಪೂರಾ ಹೋಗಿಲ್ಲ. ನಾಳೆ ಇದ ಹೊತ್ತಿಗೆ ಮತ್ತ ಬಂದು ನೋಡ್ತೀನಿ.”