ಅಣ್ಣ ಕಿರೀಟ ಇಳಿಸಿದ್ದು

ನಮ್ಮ ಅಣ್ಣನಿಗೆ ಮರೆವು ಹತ್ತಿದೆ, ಅದಕ್ಕೇ ನಾಟಕ ಕೆಟ್ಟಿತು ಎಂದು ಕಟಪಾಡಿಯ ಜನ ಹೇಳಿಕೊಂಡು ತಿರುಗುತ್ತಿದ್ದಾರೆ. ಸುಳ್ಳು! ಅವನು ಬೇಕೆಂದೇ ಮಾಡಿದ್ದು. ನಾಟಕವೂ ಕೆಡಲಿಲ್ಲ.

ಅಣ್ಣ ಊರಿನ ಸಂಘದ ಐತಿಹಾಸಿಕ ನಾಟಕಕ್ಕೆ ಖಾಯಂ ರಾಜ. ತೊಂದರೆ ಏನೆಂದರೆ, ನಾಟಕ ವರ್ಷಕ್ಕೊಂದು ದಿನ, ಇವನು ರಾಜನಾಗಿರುವುದು ವರ್ಷವಿಡೀ! ಮೀನಿನ ಮಾರ್ಕೆಟ್ಟಿನಲ್ಲಿ ಬಂಗುಡೆ ಎತ್ತಿ ಹಿಡಿದು, "ಎಲೌ, ಈ ಮತ್ಸ್ಯ ಇಂದಿನದೋ ನಿನ್ನೆಯದೋ? ಸತ್ಯವನ್ನೇ ನುಡಿ!" ಎನ್ನುತ್ತಾನೆ.

"ತಕ್ಕೊಳ್ಳುವುದಾದರೆ ತಕ್ಕೊಳ್ಳಿ ಮಹಾರಾಜರೇ, ಇಲ್ಲದಿದ್ದರೆ ಬದಿಗೆ ನಿಲ್ಲಿ. ಹಿಂದೆ ಪ್ರಜೆಗಳು ಉಂಟು" ಎನ್ನುತ್ತಾಳೆ ಮೀನಿನವಳು.

ಹೋಟೆಲಿನಲ್ಲಿ ಕೂತು "ಯಾರಲ್ಲಿ?" ಎಂದು ಚಪ್ಪಾಳೆ ತಟ್ಟುತ್ತಾನೆ. ಯಾರೂ ಬರುವುದಿಲ್ಲ. ತಾನೇ ಎದ್ದು ಹೋಗಿ ಚಾ ತರುತ್ತಾನೆ. ಮನೆಯಲ್ಲಿ ಕಿರೀಟಕ್ಕೆ ಅತ್ತಿಗೆಯ ಕಪಾಟು, ಅತ್ತಿಗೆಯ ಸೀರೆಗಳಿಗೆ ಹಗ್ಗ!

ಈ ವರ್ಷ ಮಣಿಪಾಲದ ಡಾಕ್ಟರರು ಅವನ ಮೊಣಕಾಲು ನೋಡಿ, ಇದೇ ಕೊನೆ, ಇನ್ನು ವೇಷ ಹಾಕಬಾರದು ಎಂದುಬಿಟ್ಟರು. ಹಾಗಾದರೆ ಕಿರೀಟ ಯಾರಿಗೆ? ನಾಟಕದಲ್ಲೂ ಅದೇ ಕಥೆ. ಮುದಿ ರಾಜ; ಸಿಂಹಾಸನಕ್ಕಾಗಿ ಅವನ ಮಗನಿಗೂ ತಮ್ಮನಿಗೂ ಹೊಡೆದಾಟ; ಕೊನೆಗೆ ಮಗನಿಗೆ ಪಟ್ಟ. ಯುವರಾಜನ ಪಾರ್ಟು ಅಣ್ಣನ ಮಗನದ್ದು, ರಾಜನ ತಮ್ಮನ ಪಾರ್ಟು ನನ್ನ ಮಗನದ್ದು. ಸಂಘದ ಕಟ್ಟಳೆ ಏನೆಂದರೆ, ಹಳೆಯ ರಾಜ ರಂಗದ ಮೇಲೆ ಯಾರ ತಲೆಗೆ ಕಿರೀಟ ಇಡುತ್ತಾನೋ ಮುಂದಕ್ಕೆ ಅವನೇ ರಾಜ. ಇಬ್ಬರೂ ಮೀಸೆ ಬಿಟ್ಟರು. ಆಮೇಲೆ ಒಬ್ಬರೊಡನೊಬ್ಬರು ಮಾತು ಬಿಟ್ಟರು.

ಅಣ್ಣನಿಗೆ ಮಾತ್ರ ಕಥೆಯೇ ಒಪ್ಪಿಗೆಯಿಲ್ಲ. ನಮ್ಮದು ಅಳಿಯಕಟ್ಟಿನ ಮನೆತನ. ಆಸ್ತಿ, ಯಜಮಾನಿಕೆ ಎಲ್ಲ ಹೋಗುವುದು ತಂಗಿಯ ಸಂತಾನಕ್ಕೆ. ಆ ಕಾಯಿದೆ ಹೋಗಿ ಎಷ್ಟು ಕಾಲವಾಯಿತು! ಅಣ್ಣನ ತಲೆಯಿಂದ ಹೋಗಿಲ್ಲ. ಕಾರ್ಕಳದಿಂದ ಬಂದ ನಾಟಕದ ಮಾಸ್ಟ್ರನ್ನು ಹಿಡಿದುಕೊಂಡ.

"ಮಾಸ್ಟ್ರೇ, ಈ ರಾಜನಿಗೆ ತಂಗಿ ಇಲ್ವಾ?"

"ಇಲ್ಲ ಮಾರಾಯ್ರೆ."

"ತಂಗಿಯೇ ಇಲ್ಲದೆ ಪಟ್ಟ ಕೊಡುವುದು ಹೇಗೆ? ಎಂತ ರಾಜವಂಶ ಇದು?"

"ಇದು ಚರಿತ್ರೆ!"

"ಇರಲಿ. ಚರಿತ್ರೆ ಅಂತ ತಪ್ಪು ಮಾಡಬಹುದಾ?"

ನಾಟಕದ ದಿನ ನಾನು ಕಾಪುವಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತು ನೆಲಗಡಲೆ ತಿನ್ನುತ್ತಿದ್ದೆ. ಕೊನೆಯ ದೃಶ್ಯ. ಯುವರಾಜ ತಲೆಬಾಗಿ ಕಾಯುತ್ತಿದ್ದಾನೆ. ನನ್ನ ಮಗ ಹಲ್ಲು ಕಡಿಯುತ್ತಿದ್ದಾನೆ. ಅದು ನಟನೆಯಲ್ಲ. ಅಣ್ಣ ಕಿರೀಟ ತೆಗೆದು ಕೈಯಲ್ಲಿ ಹಿಡಿದು ಗುಡುಗಿದ: "ಯಾರಲ್ಲಿ? ನಮ್ಮ ತಂಗಿಯನ್ನು ಕರೆತನ್ನಿ!"

ಪರದೆಯ ಬದಿಯಲ್ಲಿ ಮಾಸ್ಟ್ರು ತಲೆಯ ಮೇಲೆ ಕೈ ಹೊತ್ತರು. ಯಾವತ್ತಿನಂತೆ ಯಾರೂ ಬರಲಿಲ್ಲ. ಯಾವತ್ತಿನಂತೆ ತಾನೇ ಹೊರಟ. ಕುಂಟಿಕೊಂಡು ಮೆಟ್ಟಿಲಿಳಿದು ಬಂದು ಕಿರೀಟವನ್ನು ನನ್ನ ತಲೆಗೇ ಇಟ್ಟ! "ನನ್ನದು ಮುಗಿಯಿತು ತಂಗಿ. ಇನ್ನು ನೀನು ನೋಡಿಕೋ."

ಸಿಳ್ಳೆಯೆಂದರೆ ಸಿಳ್ಳೆ! ಎರಡು ಮೀಸೆಗಳೂ ರಂಗದ ಮೇಲೆ ಬಾಯಿ ಬಿಟ್ಟುಕೊಂಡು ನಿಂತವು. ಅತ್ತಿಗೆಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕಪಾಟು ಖಾಲಿಯಾಯಿತಲ್ಲ!

ಮರುದಿನ ಬೆಳಿಗ್ಗೆ ಎದ್ದವಳೇ ಕಿರೀಟ ಹಾಕಿಕೊಂಡು ರಿಕ್ಷಾ ಹತ್ತಿ ಅಣ್ಣನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಬರಿತಲೆಯಲ್ಲಿ ಕೂತಿದ್ದ. ಅಷ್ಟು ಸಣ್ಣ ಮನುಷ್ಯ ಎಂದು ನನಗೆ ಗೊತ್ತೇ ಇರಲಿಲ್ಲ. ಚಾ ಬೇಕೆಂದು ಕೂಡ ಕೂಗುತ್ತಿರಲಿಲ್ಲ.

ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದೆ. "ಯಾರಲ್ಲಿ?"

ಅಣ್ಣ ಕತ್ತೆತ್ತಿದ. ಕಂಬ ಹಿಡಿದು, ಮೊಣಕಾಲು ಹಿಡಿದು, ನಿಧಾನ ಎದ್ದು ನಿಂತ. "ಅಪ್ಪಣೆಯಾಗಲಿ, ಮಹಾರಾಣಿ."

"ರಂಗದ ಮೇಲೆ ನಿನ್ನ ಮಗನಿಗೆ ಮಾತು ಬರುವುದಿಲ್ಲ, ನನ್ನ ಮಗನಿಗೆ ನಿಲ್ಲಲು ಬರುವುದಿಲ್ಲ. ಇವತ್ತಿನಿಂದ ಇಬ್ಬರಿಗೂ ಕಲಿಸು. ಕಲಿಯುವವರೆಗೆ ಕಿರೀಟ ನನ್ನದು" ಎಂದೆ.