ಡಬಲ್ ಡಿಗ್ರಿಯ ಜನಸೇವೆ

ಡಬಲ್ ಡಿಗ್ರಿಯ ತಲೆಯಲ್ಲಿ ಈ ಹುಳ ಬಿಟ್ಟವಳು ಆಫೀಸಿನ ಟೈಪಿಸ್ಟ್.

"ಹೊಸ ಸಾಹೇಬ್ರು ಬರೀ ಸರ್ಟಿಫಿಕೇಟ್ ನೋಡೋರಲ್ಲ ಕಣ್ರೀ. ಜನಸೇವೆ ಮಾಡೋರನ್ನ ಕಂಡ್ರೆ ಅವ್ರಿಗೆ ಪ್ರಾಣ. ಹೆಡ್ ಕ್ಲರ್ಕ್ ಕುರ್ಚಿ ಖಾಲಿ ಇದೆ. ನೀವಿಲ್ಲ ಅಂದ್ರೆ ಗೊಣಗಪ್ಪ. ಯೋಚ್ನೆ ಮಾಡಿ."

ಗೊಣಗಪ್ಪನೆಂದರೆ ಪಕ್ಕದ ಮೇಜಿನ ಗುಮಾಸ್ತ. ಸಂಬಳ ಸಾಲದೆಂದು ಫ್ಯಾನಿನ ಹತ್ತಿರವೂ ದೂರುವ ಮನುಷ್ಯ. ನಮ್ಮವನಾದರೋ ಸಂಬಳ ಏರಲೆಂದು ಸಂಜೆ ಕಾಲೇಜಿಗೆ ಹೋಗಿ ಎರಡನೇ ಡಿಗ್ರಿಯನ್ನೂ, ಜೊತೆಗೆ ಈ ಅಡ್ಡಹೆಸರನ್ನೂ ಸಂಪಾದಿಸಿದ್ದ. ಏರಿದ್ದು ಕನ್ನಡಕದ ನಂಬರ್ ಒಂದೇ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಭಾನುವಾರವೇ ಅವನು ದೊಡ್ಡಾಸ್ಪತ್ರೆಗೆ ಸ್ವಯಂಸೇವಕನಾಗಿ ಹೋದ. ಮೇಲ್ವಿಚಾರಕಿ ಒಂದು ಹಳದಿ ಅಂಗಿ ತೊಡಿಸಿ, "ಬಂದವ್ರಿಗೆ ದಾರಿ ತೋರಿಸ್ಬೇಕು ಅಷ್ಟೇ. ಬನ್ನಿ, ಒಂದು ಸುತ್ತು ತೋರಿಸ್ತೀನಿ" ಎಂದಳು.

"ಬೇಡ ಮೇಡಂ, ಗೋಡೆ ಮೇಲೆ ಬೋರ್ಡ್ ಇದ್ಯಲ್ಲ. ಓದ್ಕೋತೀನಿ. ಓದೋದು ನನಗೆ ಹೊಸದೇನಲ್ಲ."

ವಿಭಾಗಗಳೆಲ್ಲ ಹೋದ ತಿಂಗಳೇ ಜಾಗ ಬದಲಿಸಿದ್ದವು. ಬೋರ್ಡು ಮಾತ್ರ ಹಳೆಯದು.

ಎಕ್ಸ್‌ರೇ ಕೇಳಿದವನು ಹಾಸಿಗೆ ಬಟ್ಟೆ ಒಗೆಯುವ ಕೋಣೆ ಹೊಕ್ಕು ಒದ್ದೆಯಾಗಿ ಹೊರಬಂದ. ಕಿವಿ ಡಾಕ್ಟರನ್ನು ಹುಡುಕಿ ಹೊರಟವನು ಅಡುಗೆಮನೆ ತಲುಪಿ, ಅಲ್ಲಿ ಯಾರು ಬೈದರೂ ಕೇಳಿಸದೆ ನಿಂತುಬಿಟ್ಟ. ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡು ಬಂದ ದಪ್ಪ ಮನುಷ್ಯನೊಬ್ಬ ಕೆನ್ನೆ ಮುಟ್ಟಿ "ಉಂ ಉಂ" ಎಂದ. ಹಲ್ಲುನೋವೆಂದು ತಿಳಿದು ಡಬಲ್ ಡಿಗ್ರಿ ಬೋರ್ಡು ನೋಡಿ ಎಡಕ್ಕೆ ಕಳಿಸಿದ. ಸ್ವಲ್ಪ ಹೊತ್ತಿಗೆ ಹೆರಿಗೆ ವಾರ್ಡಿನ ನರ್ಸು ಸುಂಟರಗಾಳಿಯಂತೆ ಬಂದಳು.

"ಮೀಸೆ ಇರೋರನ್ನ ಹೆರಿಗೆಗೆ ಕಳಿಸಿದ ಬುದ್ಧಿವಂತ ಯಾರ್ರೀ?"

ಡಬಲ್ ಡಿಗ್ರಿ ಕಂಬದ ಹಿಂದೆ ಸರಿದ. ಅಲ್ಲೊಬ್ಬ ಅಜ್ಜಿ ಅವನ ಅಂಗಿ ಹಿಡಿದಳು.

"ಕಣ್ಣಿನ ಡಾಕ್ಟ್ರು ಎಲ್ಲಪ್ಪಾ? ಬೆರಳು ತೋರಿಸ್ಬೇಡ, ನಂಗೆ ಕಾಣಲ್ಲ. ಜೊತೆಗೇ ಬಾ."

ಆಯಾಗಳನ್ನು ಕೇಳುತ್ತ, ಎರಡು ಬಾರಿ ದಾರಿ ತಪ್ಪುತ್ತ ಅವನು ಅಜ್ಜಿಯನ್ನು ಕರೆದೊಯ್ದ. ಬಾಗಿಲಲ್ಲಿ ಅವಳು ಅವನ ಗಲ್ಲ ಸವರಿ, "ಚೆನ್ನಾಗಿರು ಮಗನೇ" ಎಂದಳು. ಇಷ್ಟು ವರ್ಷ ತಿರುವಿದ ಫೈಲುಗಳಲ್ಲಿ ಒಂದೂ ಅವನಿಗೆ ಹಾಗೆಂದಿರಲಿಲ್ಲ. ಎದೆಯೊಳಗೆ ಏನೋ ಹಗುರಾಯಿತು.

ಆಮೇಲೆ ಅವನು ಬೋರ್ಡಿನತ್ತ ತಿರುಗಿಯೂ ನೋಡಲಿಲ್ಲ. ಒಬ್ಬೊಬ್ಬರ ಜೊತೆಗೂ ತಾನೇ ನಡೆದ. ಮಧ್ಯಾಹ್ನದ ಹೊತ್ತಿಗೆ ಬಡ್ತಿಯ ವಿಷಯ ಮರೆತೇ ಹೋಗಿತ್ತು. ಮೆಟ್ಟಿಲ ಮೇಲೆ ಸೋತು ಕೂತಿದ್ದ ಮಫ್ಲರಿನವನನ್ನು ಕಂಡು ಕ್ಷಮೆ ಕೇಳಿ, ತೋಳು ಹಿಡಿದು ಹಲ್ಲಿನ ವಿಭಾಗಕ್ಕೆ ಕರೆದೊಯ್ದ. ಹಲ್ಲು ಕೀಳುವುದನ್ನು ನೋಡಲಾರದೆ ಮೊದಲೇ ಕಣ್ಣು ಮುಚ್ಚಿ, ಅವನ ಕೈಯನ್ನೂ ಹಿಡಿದುಕೊಂಡ.

ಕಣ್ಣು ಬಿಟ್ಟು ನೋಡಿದರೆ, ಮಫ್ಲರ್ ಕಳಚಿ ಕೂತಿದ್ದವರು ಹೊಸ ಸಾಹೇಬರು!

ಇನ್ನು ಬೈಗುಳವೇ ಗತಿ ಎಂದು ಡಬಲ್ ಡಿಗ್ರಿ ಹಿಡಿದಿದ್ದ ಕೈಯನ್ನು ತಟ್ಟನೆ ಬಿಟ್ಟ. ಸಾಹೇಬರ ಕಣ್ಣಲ್ಲಿ ಮಾತ್ರ ನೀರು.

"ಥಾಕ್ಷಾತ್ ದೇವ್ರು ಕಣ್ರೀ ನೀವು!" ಬಾಯಲ್ಲಿದ್ದ ಹತ್ತಿಯ ನಡುವೆ ಅವರೆಂದರು. "ಬೆಳಗ್ಗೆಯಿಂದ ನೋಡ್ತಿದೀನಿ. ಬೈದ್ರೂ ನಗ್ತಾ ಓಡಾಡ್ತಿದೀರಿ. ನಿಮ್ಮಿಂದ ನನ್ನ ದೊಡ್ಡ ತಲೆನೋವು ಕಳೀತು. ಹೆಡ್ ಕ್ಲರ್ಕ್ ಯಾರು ಅಂತ ಈಗ್ಲೇ ತೀರ್ಮಾನ ಮಾಡ್ದೆ."

"ಸರ್..." ಡಬಲ್ ಡಿಗ್ರಿ ಹಳದಿ ಅಂಗಿಯ ಕಾಲರ್ ಸರಿಮಾಡಿಕೊಂಡ.

"ಥಂಬಳ ಇಲ್ದೇ ಇಷ್ಟು ಖುಷಿಯಾಗಿ ದುಡಿಯೋ ನಿಮಗೆ ಥಂಬಳ ಜಾಸ್ತಿ ಮಾಡೋದು ಅವಮಾನ. ಆ ಗೊಣಗಪ್ಪ ಹಾಗಲ್ಲ. ದುಡ್ಡು ಕೊಡ್ದಿದ್ರೆ ಕೆಲಥ ಬಿಟ್ಟೇ ಹೋಗ್ತಾನೆ. ಕುರ್ಚಿ ಅವನಿಗೇ ಇರ್ಲಿ."

ಸಾಹೇಬರು ಬೆನ್ನು ತಟ್ಟಿ ಹೊರಟರು. ಅಷ್ಟರಲ್ಲಿ ಹೆಂಡತಿಯ ಫೋನು.

"ಏನ್ರೀ, ಜನಸೇವೆಯಿಂದ ಬಡ್ತಿ ಸಿಗೋ ಹಾಗಿದ್ಯಾ?"

"ಸಿಕ್ಕೇಬಿಡ್ತು ಕಣೇ."

"ನಿಜವಾಗ್ಲೂ?"

"ಹ್ಞೂಂ. ಗೊಣಗಪ್ಪನಿಗೆ."

ಫೋನಿನೊಳಗೆ ಗುಡುಗು ಶುರುವಾಗುವ ಮೊದಲೇ, ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡವನೊಬ್ಬ ಕುಂಟುತ್ತ ಬಂದು, "ಅಣ್ಣಾ, ಮೂಳೆ ಡಾಕ್ಟ್ರು ಎಲ್ಲಿ?" ಎಂದ.

"ಆಮೇಲೆ ಮಾಡ್ತೀನಿ ಕಣೇ, ಡ್ಯೂಟಿಯಲ್ಲಿದೀನಿ" ಎಂದು ಫೋನನ್ನು ಜೇಬಿಗಿಳಿಸಿ ಡಬಲ್ ಡಿಗ್ರಿ ಅವನಿಗೆ ಹೆಗಲು ಕೊಟ್ಟ.