ಲಾರಿ ಮಾಲತೇಶನ ಪೇಟಿ

ಎಲ್ಲದಕ್ಕೂ ಕಾರಣ ಶಿದ್ದಪ್ಪ ಮಾವನ ಹೊಟ್ಟೆ. ಅದೊಂದು ಅಷ್ಟು ಅಗಲ ಇರದೆ ಹೋಗಿದ್ದರೆ ಮಾಲತೇಶನ ಪೇಟಿ ಎಂದಿನಂತೆ ಲಾರಿಯ ಕ್ಯಾಬಿನ್ನಿನಲ್ಲೇ ಕೂತು ಬರುತ್ತಿತ್ತು.

ಪೇಟಿ ಅಂದರೆ ಹಾರ್ಮೋನಿಯಂ. ಅಮರಗೋಳದ ಮಾರುಕಟ್ಟೆಯಿಂದ ಇಂದೋರು, ನಾಗಪುರ ಅಂತ ಲಾರಿ ಹೊಡೆಯುವ ಮಾಲತೇಶ ಹಾಸಿಗೆ ಮರೆತಾನು, ಅದನ್ನು ಮರೆಯಲಾರ. ಢಾಬಾದಲ್ಲಿ ಉಳಿದ ಡ್ರೈವರುಗಳು ಇಸ್ಪೀಟು ಹಾಕಿದರೆ ಇವನು ಲಾರಿಯ ನೆರಳಲ್ಲಿ ಕೂತು ಭಜನೆ ಪದ ನುಡಿಸುತ್ತಿದ್ದ. "ಯಾಕಪಾ, ಹಾರ್ನ್ ಸಾಲಲಿಲ್ಲೇನು?" ಎಂದು ಅವರು ಕಾಡಿಸುತ್ತಿದ್ದರು. ಕಾಡಿಸಲಿ ಬಿಡಿ! ತೊಂಬತ್ತೈದರ ಆ ಬೇಸಿಗೆಯಲ್ಲಿ ಅದೇ ಪೇಟಿ ಅವನಿಗೊಂದು ಹೆಣ್ಣು ತಂದುಕೊಡುವ ಹಾಗಿತ್ತು.

ಹೆಣ್ಣು ಹತ್ತಿರದ ಸುಳ್ಳ ಎಂಬ ಊರಿನ ಬೀರಪ್ಪನ ಮಗಳು ಹೊಳೆವ್ವ. ಅಪ್ಪನ ಜೋಡಿ ಮಾರುಕಟ್ಟೆಗೆ ಬಂದಾಗ ಮಾಲತೇಶ ಅವಳನ್ನು ಒಮ್ಮೆ ಕಂಡಿದ್ದ. ಅಂದಿನಿಂದ ಗೇರು ಬದಲಿಸುವಾಗಲೂ ಅವಳದೇ ಮುಖ. ಆದರೆ ಬೀರಪ್ಪ, "ಮನ್ಯಾಗ ನಿಲ್ಲದ ಡ್ರೈವರಗ ನಾ ಹೆಣ್ಣ ಕೊಡಾಂಗಿಲ್ಲ" ಅಂದುಬಿಟ್ಟಿದ್ದ. ಕೊನೆಗೆ ಹಿರಿಯ ಡ್ರೈವರು ಕಮರುದ್ದೀನ ಚಾಚಾ ನಡುವೆ ಬಂದು, "ಹುಡುಗ ಪೇಟಿ ನುಡಸ್ತಾನ್ರಿ" ಎಂದ ಮೇಲೆ ಮನುಷ್ಯ ಮೆತ್ತಗಾದ. ಬೀರಪ್ಪ ಊರ ಭಜನಿ ಮೇಳದ ಯಜಮಾನ.

"ಹಂಗಾರ ಬಂದು ನಮ್ಮ ಕಟ್ಟಿ ಮ್ಯಾಲ ಒಂದ ಪದಾ ನುಡಸಲಿ. ಮನಸಿಗೆ ಬಂತಂದ್ರ ಮುಂದಿನ ಮಾತು."

ಮಾಲತೇಶನಿಗೆ ಅನುಮಾನವೇ ಇರಲಿಲ್ಲ. ಇಂದೋರಿಗೆ ಒಣಮೆಣಸಿನಕಾಯಿ ಲೋಡು ತುಂಬಿಸಿ, ಹೋಗುವ ಮುಂಚೆ ಸುಳ್ಳಕ್ಕೆ ಹೋಗಿ ಹೆಣ್ಣು ಗೊತ್ತುಮಾಡಿಕೊಂಡೇ ಹೊರಡುವುದೆಂದು ಇಸ್ತ್ರಿ ಅಂಗಿ ತೊಟ್ಟು ನಿಂತ. ಹಿರಿಯರೆಂದು ಚಾಚಾ ಹತ್ತಿದ. ಸೋದರಮಾವ ಶಿದ್ದಪ್ಪನೂ ಹತ್ತಿದ. ಕ್ಯಾಬಿನ್ನು ಅಲ್ಲಿಗೆ ತುಂಬಿತು.

"ಪೇಟಿ ಎಲ್ಲಿಡೂದು ಮಾವಾ?"

"ನನ್ನ ತೊಡಿ ಮ್ಯಾಲ ಇಡು" ಎಂದ ಶಿದ್ದಪ್ಪ. ತೊಡೆ ಎಲ್ಲಿದೆ ಎಂದು ಹುಡುಕಿದರೆ ಹೊಟ್ಟೆಯ ಅಡಿಯಲ್ಲಿ ಅದು ಸಿಗಲೇ ಇಲ್ಲ.

"ಮ್ಯಾಲ ಚೀಲದ ನಡುವ ತುರಕ್ರೋ, ಮೆತ್ತಗ ಇರತೈತಿ" ಎಂದ ಚಾಚಾ. ತುರುಕಿದರು. ಚೀಲ ಹರಕು ಎಂಬುದನ್ನು ನೋಡಿದವರಿಲ್ಲ. ಸುಳ್ಳದ ರಸ್ತೆಯ ಗುಂಡಿಗಳಿಗೆ ಪೇಟಿಯ ಕೊಂಡಿ ಕಳಚಿತು. ದಾರಿಯುದ್ದಕ್ಕೂ ಅದು ತಾನೇ ಬಾಯಿ ತೆರೆದು ಮುಚ್ಚಿ ಚೀಲದಿಂದ ಉದುರಿದ ಮೆಣಸಿನಪುಡಿ ಉಂಡಿತು. ಕೆಳಗೆ ಮಾಲತೇಶ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಳ್ಳುತ್ತಿದ್ದ.

ಬೀರಪ್ಪನ ಕಟ್ಟೆಯ ಮೇಲೆ ಮೇಳದವರು, ಓಣಿಯವರು ಎಲ್ಲ ಕೂಡಿದ್ದರು. ಹೊಳೆವ್ವ ಚಹಾ ತಂದುಕೊಟ್ಟು, ಒಂದು ಸಲ ಮುಖವೆತ್ತಿ ನೋಡಿ, ಬಾಗಿಲ ಸಂದಿಗೆ ಹೋಗಿ ನಿಂತಳು. ಮಾಲತೇಶ ಎದೆ ಉಬ್ಬಿಸಿ ಪೇಟಿಗೆ ಗಾಳಿ ಹಾಕಿದ.

ಮೊದಲು ಬಂದದ್ದು ಸ್ವರವಲ್ಲ, ಘಾಟು.

ಮೂಗಿನೊಳಗೆ ಕೆಂಡ ಇಟ್ಟಂತಾಯಿತು. ಆದರೆ ಲಗ್ನದ ಮಾತಿಗೆ ಕೂತಲ್ಲಿ ಸೀನುವುದುಂಟೇ? ಸೀನಿದರೆ ಸಂಬಂಧವೇ ಮುರಿದ ಹಾಗೆ. ಶಿದ್ದಪ್ಪ ಮಾವ ಮೂಗು ಹಿಂಡಿ ಹಿಡಿದ. ಚಾಚಾ ಟವೆಲ್ಲು ಬಾಯಿಗೆ ತುರುಕಿದ. ಬೀರಪ್ಪ ಹಲ್ಲು ಕಚ್ಚಿದ. ಒಬ್ಬರೂ ಸೀನಲಿಲ್ಲ, ತಡೆದ ಸೀನೆಲ್ಲ ಕಣ್ಣಲ್ಲಿ ನೀರಾಗಿ ಇಳಿಯತೊಡಗಿತು.

ನಿಲ್ಲಿಸಿದರೆ ಕೆಟ್ಟೆ ಎಂದುಕೊಂಡು ಮಾಲತೇಶ ಹಾಡು ಎತ್ತಿಯೇಬಿಟ್ಟ. ಗಂಟಲು ಉರಿದು ದನಿ ಒಡೆಯಿತು, ಕಣ್ಣೀರು ಪೇಟಿಯ ಬಿಳಿ-ಕರಿ ಮನೆಗಳ ಮೇಲೆ ತೊಟ್ಟಿಕ್ಕಿತು. ತಾಳದವನು ತಾಳ ಬಿಟ್ಟು ಕಣ್ಣೊರೆಸಿಕೊಂಡ. ಮುದುಕಿಯೊಬ್ಬಳು, "ಎವ್ವಾ, ಏನ ಪದಾನೋ ಯಪ್ಪಾ!" ಎಂದು ಬಿಕ್ಕಿದಳು. ಅವಳನ್ನು ಕಂಡು ಪಕ್ಕದವಳು, ಅವಳನ್ನು ಕಂಡು ಓಣಿಯೇ ಅತ್ತಿತು. ಬಾಗಿಲ ಸಂದಿಯಲ್ಲಿ ಹೊಳೆವ್ವನೂ ಸೆರಗು ಕಣ್ಣಿಗೊತ್ತಿದಳು. ಗೆದ್ದೆ ಎಂದು ಮಾಲತೇಶ ಇನ್ನೂ ಜೋರಾಗಿ ಗಾಳಿ ಹಾಕಿದ.

ಪದ ಮುಗಿಯುತ್ತಲೇ ಬೀರಪ್ಪ ಎದ್ದು ಬಂದು ಅವನ ಕಾಲಿಗೆ ಬಿದ್ದ. ಹೆಣ್ಣಿನ ಅಪ್ಪನೇ ಕಾಲಿಗೆ ಬಿದ್ದ ಮೇಲೆ ಇನ್ನೇನು! ಸಂಬಂಧ ಕುದುರಿತೆಂದು ಚಾಚಾ ಹಂಚಲು ತಂದ ಸಕ್ಕರೆಯ ಪೊಟ್ಟಣಕ್ಕೆ ಕೈಯನ್ನೂ ಚಾಚಿದ.

"ಹುಟ್ಟಿದಾಗಿಂದ ಭಜನಿ ಮಾಡಾಕತ್ತೇನಿ, ಒಂದ ದಿನಾನೂ ನನ್ನ ಪದಕ್ಕ ಒಂದ ನಾಯೀನೂ ಅತ್ತಿಲ್ಲ" ಎಂದ ಬೀರಪ್ಪ ಗದ್ಗದಿತನಾಗಿ. "ನೀವು ಸಂಸಾರಸ್ಥರಲ್ರಿ, ವೈರಾಗಿಗಳು! ಇಂಥಾವರ ಕೊರಳಿಗೆ ನನ್ನ ಮಗಳನ್ನ ಕಟ್ಟಿದ್ರ ನನಗ ನರಕಾನ ಗತಿ. ಈ ಪಾಪಾ ನಾ ಮಾಡಾಂಗಿಲ್ಲ."

ಮಾಲತೇಶ ಪೇಟಿ ಬದಿಗೆ ತಳ್ಳಿ ಎದ್ದ. "ಕಾಕಾ, ವೈರಾಗ್ಯಾ ಗಿರಾಗ್ಯಾ ಏನೂ ಇಲ್ರಿ! ಅದು ಮೆಣಸಿನಕಾಯಿರೀ! ಪೇಟ್ಯಾಗ ಪುಡಿ ಹೊಕ್ಕೈತ್ರಿ!"

"ನೋಡ್ರಪಾ" ಎಂದು ಬೀರಪ್ಪ ಜನರ ಕಡೆ ತಿರುಗಿ ಕೈ ಮುಗಿದ. "ದೊಡ್ಡವರು ಅಂದ್ರ ಹಿಂಗ. ಹೊಗಳಿದ್ರ ತಾವ ತಗೊಳ್ಳೂದಿಲ್ಲ, ಮೆಣಸಿನಕಾಯಿಗೆ ಕೊಡ್ತಾರ."

"ಖರೇನ ಹೇಳಾಕತ್ತೇನ್ರಿ, ನಾ ಲಗ್ನಾ ಮಾಡ್ಕೋಬೇಕ್ರಿ!" ಎಂದು ಮಾಲತೇಶ ನಿಜವಾಗಿಯೂ ಅತ್ತುಬಿಟ್ಟ. ಆ ಅಳು ಕಂಡು ಮುದುಕಿಯರು ಇನ್ನಷ್ಟು ಅತ್ತು, ಒಬ್ಬೊಬ್ಬರಾಗಿ ಬಂದು ಕಾಲಿಗೆ ಬಿದ್ದರು. ಶಿದ್ದಪ್ಪ ಮಾವ ಈಗ ಧಾರಾಳವಾಗಿ ಸೀನಿದ. ಇನ್ನು ತಡೆದು ಏನು ಮಾಡುವುದು?

ಊರವರೆಲ್ಲ ಲಾರಿಯತನಕ ಕಳಿಸಲು ಬಂದರು. ಮಾಲತೇಶ ಸ್ಟೇರಿಂಗು ಹಿಡಿದಾಗ ಬೀರಪ್ಪ ಕಿಟಕಿಗೆ ಬಂದು, ಆಚೀಚೆ ನೋಡಿ, ದನಿ ಇಳಿಸಿದ.

"ಅಪ್ಪಾವರ, ಒಂದ ಮಾತ ಐತ್ರಿ. ನೀವು ದೇಶಾ ತಿರಗವರು. ನನ್ನ ಮಗಳು ದೇಶಾ ನೋಡಬೇಕಂತ, ಮದವಿ ಆದ್ರ ಡ್ರೈವರನ್ನ ಆಗ್ತೇನಂತ ಈಗ ಒಳಗ ಹಟಾ ಹಿಡದ ಕುಂತಾಳ. ನಾನೂ ಹೂಂ ಅಂದೆ. ನಿಮ್ಮ ಲೈನಿನ್ಯಾಗ ಯಾರರ ಛಲೋ ಹುಡುಗ ಇದ್ರ ಲಗೂ ನೋಡಿ ಕಳಸ್ರಿ. ಪದಾ ಗಿದಾ ಬರದಂಥಾವ ಇರಲಿ, ಅಷ್ಟ ಸಾಕು."